ಕೋಥ್ರೂಡಿನ ಮೆಡಿಕಲ್ ಅಂಗಡಿ: ಬಿಲ್ಲಿಗೆ ಪೂರ್ತಿ ಮಾರ್ಕು, ಮಧ್ಯಾಹ್ನದ ನಿದ್ದೆಗೆ ಒಂದು ಸ್ಟಾರ್ ಕಟ್

ನಾನಿರುವುದು ಜರ್ಮನಿಯಲ್ಲಿ. ಅಪ್ಪ ಅಮ್ಮ ಹುಬ್ಬಳ್ಳಿ ಬಿಟ್ಟು ಪುಣೆಯ ಕೋಥ್ರೂಡಿಗೆ ಬಂದು ಇಪ್ಪತ್ತು ವರ್ಷ ದಾಟಿತು. ರಜೆಗೆ ಬಂದ ದಿನವೇ ನಾನು ಹೋಗುವುದು ಅವರ ಮನೆ ಮೂಲೆಯ ಮೆಡಿಕಲ್‌ಗೆ, ಥೈರಾಯ್ಡ್ ಮಾತ್ರೆಗೆ. ಅಂಗಡಿ ಹೆಸರು ಹಾಕಬೇಡ ಅಂತ ಅಂಗಡಿ ನಡೆಸೋ ಕಾಕಾ ಮೊದಲೇ ಹೇಳಿದ್ದಾರೆ, ಹಾಗಾಗಿ ಹಾಕಿಲ್ಲ. ಈಗಲೇ ಕೌಂಟರ್ ಮುಂದೆ ನಿಲ್ಲೋಕೆ ಜಾಗ ಇರಲ್ಲ.

ಮಾತ್ರೆ ಜರ್ಮನಿಯಲ್ಲೇ ಸಿಗಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಿಗುತ್ತೆ. ಇನ್ಶೂರೆನ್ಸ್ ಕಾರ್ಡ್ ಇದ್ದರೆ ಒಂದು ಡಬ್ಬಿಗೆ ಐದರಿಂದ ಹತ್ತು ಯೂರೋ ಕೈಯಿಂದ ಕೊಟ್ಟರೆ ಸಾಕು, ಮಿಕ್ಕಿದ್ದು ಅವರದು. 2024ರಿಂದ ಚೀಟಿ ಕೂಡ ಕಾಗದದಲ್ಲಿಲ್ಲ, ಕಾರ್ಡನ್ನು ಅಂಗಡಿಯ ಮಷೀನಿಗೆ ತುರುಕಿದರೆ ಡಾಕ್ಟರ್ ಬರೆದದ್ದು ಅಲ್ಲೇ ಕಾಣುತ್ತೆ. ಆದರೆ ಬರೆದುಕೊಡೋಕೆ ಡಾಕ್ಟರ್ ಬೇಕಲ್ಲ! ಹೋದ ಮೊದಲ ವರ್ಷ ನಾನು ಫೋನ್ ಮಾಡಿದ ಕ್ಲಿನಿಕ್‌ಗಳೆಲ್ಲ 'ಹೊಸ ಪೇಷಂಟ್ ತಗೊಳ್ಳಲ್ಲ' ಅಂದವು. ನಮ್ಮ ಪುಣೆ ಡಾಕ್ಟರ ಚೀಟಿ ಹಿಡಿದು ಕೆಂಪು 'ಎ' ಬೋರ್ಡಿನ ಅಲ್ಲಿನ ಮೆಡಿಕಲ್‌ಗೆ ಹೋದರೆ ಕೌಂಟರಿನಾಕೆ ನಗುನಗುತ್ತಲೇ ವಾಪಸ್ ಕೊಟ್ಟಳು. ಯುರೋಪಿಯನ್ ಒಕ್ಕೂಟದ ದೇಶದ ಡಾಕ್ಟರ ಚೀಟಿಯಾದರೆ ನಡೆಯುತ್ತೆ, ಭಾರತದ್ದು ನಡೆಯಲ್ಲ. ಹನ್ನೊಂದು ದಿನ ಮಾತ್ರೆಯಿಲ್ಲದೆ ಕಳೆದೆ. ಅಮ್ಮ ಕೊರಿಯರ್ ಮಾಡ್ತೀನಿ ಅಂತ ಪಾರ್ಸೆಲ್ ಕಟ್ಟಿಯೇಬಿಟ್ಟಿದ್ದಳು. ಅದೂ ಆಗಲ್ಲ. ಭಾರತದಿಂದ ಅಂಚೆಯಲ್ಲಿ ಔಷಧಿ ತರಿಸಿಕೊಳ್ಳೋಕೆ ಜರ್ಮನಿಯಲ್ಲಿ ಅವಕಾಶ ಇಲ್ಲ, ಕಸ್ಟಮ್ಸ್‌ನಲ್ಲೇ ನಿಂತುಹೋಗುತ್ತೆ. ನಾವೇ ಬ್ಯಾಗಿನಲ್ಲಿ ತಂದರೆ ಮಾತ್ರ, ಸ್ವಂತಕ್ಕೆ ಸುಮಾರು ಮೂರು ತಿಂಗಳಿನಷ್ಟು ತರಬಹುದು. ಈ ವರ್ಷ ಅಲ್ಲೇ ಬೇರೆ ಊರಿಗೆ ಹೋಗಿದ್ದೇನೆ, ಮತ್ತೆ ಡಾಕ್ಟರ್ ಹುಡುಕಾಟ ಶುರು. ಹಾಗಾಗಿ ಆ ಮೂರು ತಿಂಗಳು ನನಗೆ ದೊಡ್ಡದು.

ಈಗ ಅಂಗಡಿ ವಿಷಯ. ಕಾಕಾ ಮರಾಠಿಯವರು, ಮಾತು ಕಡಿಮೆ, ಮುಖದಲ್ಲಿ ನಗು ಇನ್ನೂ ಕಡಿಮೆ. ಕೌಂಟರಿನಲ್ಲಿರುವ ಹುಡುಗ ಕರ್ನಾಟಕ ಗಡಿಯ ಜತ್ ಕಡೆಯವನು, ನಮ್ಮ ಭಾಷೆ ಕೇಳಿದ ಕೂಡಲೇ 'ಅಕ್ಕಾ, ಚೀಟಿ ತಂದೀರೇನ್ರೀ?' ಅಂತ ಕನ್ನಡಕ್ಕೆ ಇಳಿದ. ಥೈರೋನಾರ್ಮ್ 100 ಮೂರು ಬಾಟಲಿ ಕೊಡಪ್ಪಾ ಅಂದೆ. ಕಾಕಾ ಕನ್ನಡಕದ ಮೇಲಿಂದ ನೋಡಿ ಯಾವ ದೇಶ, ಎಷ್ಟು ದಿನ ರಜೆ ಅಂತ ಕೇಳಿದರು. ಒಂದು ತಿಂಗಳು ಅಂದೆ. ಒಂದೇ ಬಾಟಲಿ ತೆಗೆದು ಕೌಂಟರಿನ ಮೇಲಿಟ್ಟರು. ಬಾಟಲಿಯಲ್ಲಿ 120 ಮಾತ್ರೆ, ಇವತ್ತೇ ಒಡೆದು ಇಲ್ಲೇ 30 ತಿಂದರೆ ಹೋಗುವಾಗ 90 ಉಳಿಯುತ್ತೆ, ಸರಿಯಾಗಿ ಮೂರು ತಿಂಗಳು. ವ್ಯಾಪಾರ ಬೇಡ ಅನ್ನೋ ಅಂಗಡಿಯವರನ್ನು ನಾನು ನೋಡಿದ್ದು ಕಡಿಮೆ.

ಆಮೇಲೆ ಬಿಲ್. ಇದಕ್ಕಾಗಿಯೇ ಈ ರಿವ್ಯೂ ಬರೆಯೋಕೆ ಕೂತದ್ದು. ಕಾಕಾ ಪಾಸ್‌ಪೋರ್ಟಿನಲ್ಲಿ ಇರೋ ಹಾಗೆ ನನ್ನ ಹೆಸರಿನ ಸ್ಪೆಲಿಂಗ್ ಕೇಳಿ ಹಾಕಿದರು. ಡಾಕ್ಟರ ಹೆಸರು, ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಇದೆ. ಬ್ರ್ಯಾಂಡ್ ಹೆಸರಿನ ಪಕ್ಕ ಪೆನ್ನಿನಲ್ಲಿ ದೊಡ್ಡಕ್ಷರದಲ್ಲಿ ಲಿವೊಥೈರಾಕ್ಸಿನ್ ಅಂತ ಬರೆದು ಸೀಲ್ ಒತ್ತಿದರು. ಅಲ್ಲಿನ ಕಸ್ಟಮ್ಸ್‌ನವರಿಗೆ ನಮ್ಮ ಬ್ರ್ಯಾಂಡ್ ಹೆಸರು ಏನೂ ಹೇಳಲ್ಲ, ಒಳಗಿನ ಔಷಧಿ ಹೆಸರು ಹೇಳುತ್ತೆ. ಮುಂದೆ ಅಲ್ಲಿನ ಡಾಕ್ಟರ್ ಸಿಕ್ಕಾಗಲೂ ತೋರಿಸೋಕೆ ಇದೇ ಕಾಗದ. ಬ್ರ್ಯಾಂಡ್ ಬದಲಾದರೆ ಆರೆಂಟು ವಾರದ ಮೇಲೆ ಥೈರಾಯ್ಡಿನ ರಕ್ತಪರೀಕ್ಷೆ, ಟಿಎಸ್‌ಎಚ್ ಟೆಸ್ಟ್ ಮಾಡಿಸಮ್ಮ ಅಂತಲೂ ಹೇಳಿದರು. ಬಿಲ್ಲಿನ ಅಕ್ಷರ ಆರು ತಿಂಗಳಲ್ಲಿ ಮಾಸಿಹೋಗುತ್ತೆ, ಅದಕ್ಕೆ ಮನೆಗೆ ಬಂದು ಫೋಟೊ ತೆಗೆದಿಟ್ಟೆ.

ಹೋದ ಸಲ ಬಿಸಿಲಿಗೆ ಸೋಮಾರಿತನ ಮಾಡಿ ಒಂದು ಆ್ಯಪ್‌ನಲ್ಲಿ ತರಿಸಿದ್ದೆ. ಹೆಸರು ಬೇಡ. 100ರ ಬದಲು 50ರದ್ದು ಎರಡು ಬಾಟಲಿ ಬಂತು, ದಿನಕ್ಕೆ ಎರಡು ತಗೊಳ್ಳಿ ಅಂತ ಫೋನಿನಲ್ಲಿ ಉಪದೇಶ. ಎಕ್ಸ್‌ಪೈರಿಗೆ ಇದ್ದದ್ದು ನಾಲ್ಕೇ ತಿಂಗಳು. ಬಿಲ್ ಅಪ್ಪನ ಹೆಸರಲ್ಲಿ, ಯಾಕೆಂದರೆ ಫೋನ್ ನಂಬರ್ ಅಪ್ಪನದು! ಏರ್‌ಪೋರ್ಟಿನಲ್ಲಿ ಯಾರಾದರೂ ಕೇಳಿದ್ದರೆ ಎಪ್ಪತ್ತೆರಡರ ಗಂಡಸಿನ ಮಾತ್ರೆ ನಿನ್ನ ಬ್ಯಾಗಿನಲ್ಲೇಕೆ ಅಂತ ಹೇಗೆ ವಿವರಿಸಲಿ?

ಈ ಸಲ ಕಾಕಾ ಹತ್ತಿರ ಬೈಸಿಕೊಂಡೂ ಬಂದೆ, ಅದನ್ನೂ ಬರೀತೀನಿ. ಮಗಳಿಗೆ ಜ್ವರ ಬಂದರೆ ಇರಲಿ ಅಂತ ಸುಮ್ನೆ ಒಂದು ಸೆಫಿಕ್ಸಿಮ್ ಆಂಟಿಬಯೋಟಿಕ್ ಕೊಡಿ ಅಂದೆ, ಜೊತೆಗೆ ವಿಮಾನದ ನಿದ್ದೆಗೆ ಆಲ್ಪ್ರಜೋಲಾಮ್ ನಾಲ್ಕು ಮಾತ್ರೆ. 'ಚಿಠ್ಠೀ ಆಣಾ' ಅಂದರು, ಅಷ್ಟೇ. ಚೀಟಿ ತನ್ನಿ. ನಾನು ಇನ್ನೊಂದು ಸಲ ಕೇಳಿದೆ. ಆಗ ಕೆಳಗಿನಿಂದ ಒಂದು ಉದ್ದನೆ ರಿಜಿಸ್ಟರ್ ತೆಗೆದು ನನ್ನ ಕಡೆ ತಿರುಗಿಸಿದರು. ಈ ಎರಡೂ ಇರೋ ಎಚ್1 ಅನ್ನೋ ಸರ್ಕಾರಿ ಪಟ್ಟಿಯ ಔಷಧಿ ಕೊಟ್ಟರೆ ಡಾಕ್ಟರ್ ಹೆಸರು, ಪೇಷಂಟ್ ಹೆಸರು, ಎಷ್ಟು ಕೊಟ್ಟೆ ಅಂತ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು, 2014ರಿಂದ ಇರುವ ನಿಯಮ. ಪಕ್ಕದ ಗಲ್ಲಿಯಲ್ಲಿ ಕೇಳಿದರೆ ಬಹುಶಃ ಯಾರಾದರೂ ಕೊಡುತ್ತಿದ್ದರು. ನಾಚಿಕೆಯಾಗಿ ಹೋಗಲಿಲ್ಲ. ಜ್ವರಕ್ಕೆ ಡೋಲೋ, ಅಂದರೆ ಪ್ಯಾರಾಸಿಟಮಾಲ್, ಎರಡು ಸ್ಟ್ರಿಪ್ ತಗೊಂಡೆ, ಜರ್ಮನಿಯಲ್ಲಿ ಅದು ಕೂಡ ಸೂಪರ್ ಮಾರ್ಕೆಟ್‌ನಲ್ಲಿ ಸಿಗಲ್ಲ.

ಕುಂದು ಒಂದಿದೆ, ಪುಣೆಯವರಿಗೆ ಹೇಳಲೇಬೇಕಿಲ್ಲ. ಒಂದರಿಂದ ನಾಲ್ಕರವರೆಗೆ ಷಟರ್ ಕೆಳಗೆ. ಔಷಧಿ ಅಂಗಡಿ ಕೂಡ! 12:55ಕ್ಕೆ ಹೋದರೆ ಷಟರ್ ಅರ್ಧ ಇಳಿದಿತ್ತು, ಒಳಗಿಂದ ಡಬ್ಬಿ ಬಿಚ್ಚೋ ಸದ್ದು, ಬೆಳ್ಳುಳ್ಳಿ ಒಗ್ಗರಣೆ ಘಮ. ಹುಡುಗ ಬಗ್ಗಿ ನೋಡಿ 'ನಾಕಕ್ಕ ಬರ್ರೀ ಅಕ್ಕಾ' ಅಂದ. ಆನ್‌ಲೈನ್ ಹಣ ತಗೊಳ್ಳುತ್ತಾರೆ, ಡಿಸ್ಕೌಂಟ್ ಕೇಳಿದರೆ ಕೇಳಿಸದ ಹಾಗೆ ಇರುತ್ತಾರೆ. ಐದಕ್ಕೆ ನಾಲ್ಕು ಸ್ಟಾರ್. ಹೋಗುವವರು ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ, ಚೀಟಿಯ ಜೊತೆ ಪಾಸ್‌ಪೋರ್ಟಿನ ಜೆರಾಕ್ಸೂ ಇರಲಿ.