ಗಾಯಾಳುವಿಗೆ ಆಸರೆ, ಕಣ್ಣಾರೆ ಕಂಡವರಿಗೆ ಇಲ್ಲ: ನ್ಯೂಜಿಲೆಂಡಿನ ಎಸಿಸಿ ಸೇವೆ

2019ರ ಮಾರ್ಚ್ 15ರಂದು ಕ್ರೈಸ್ಟ್‌ಚರ್ಚ್‌ನ ಅಲ್ ನೂರ್ ಮಸೀದಿ ಮತ್ತು ಲಿನ್‌ವುಡ್ ಇಸ್ಲಾಮಿಕ್ ಕೇಂದ್ರದಲ್ಲಿ ಶುಕ್ರವಾರದ ನಮಾಜಿಗೆ ಸೇರಿದ್ದವರ ಮೇಲೆ ಬಲಪಂಥೀಯ ಉಗ್ರನೊಬ್ಬ ಗುಂಡಿನ ಮಳೆಗರೆದು 51 ಮಂದಿಯನ್ನು ಕೊಂದ ಬಳಿಕ, ಸರ್ಕಾರಿ ಅಪಘಾತ ಪರಿಹಾರ ಸಂಸ್ಥೆಯಾದ ಎಸಿಸಿಯ ಸೇವೆ ಕಠಿಣ ಪರೀಕ್ಷೆಗೆ ಒಳಗಾಯಿತು. ತಪ್ಪು ಯಾರದೆಂದು ಕೇಳದೆ ಚಿಕಿತ್ಸೆಗೆ ನೆರವಾಗುವುದು, ಗಾಯದಿಂದಾಗಿ ದುಡಿಯಲಾಗದವರಿಗೆ ಗಳಿಕೆಯ ಶೇ. 80ರಷ್ಟನ್ನು ವಾರವಾರ ಕೊಡುವುದು ಮನಸಾರೆ ಮೆಚ್ಚಬೇಕಾದ ಗುಣಗಳು. ಆದರೆ ಪಕ್ಕದಲ್ಲಿ ನಿಂತಿದ್ದವರು ಹೆಣವಾಗಿ ಉರುಳಿದ್ದನ್ನು ಕಂಡೂ ಮೈಗೆ ಗಾಯವಾಗದೆ ಪಾರಾದವರ ಮಾನಸಿಕ ಆಘಾತ, ಆ ಹೊತ್ತಿನಲ್ಲಿ ಅವರು ಕೆಲಸದ ಮೇಲೆ ಇರಲಿಲ್ಲವಾದರೆ, ಈ ಕಾನೂನಿನ ವ್ಯಾಪ್ತಿಗೇ ಬರಲಿಲ್ಲ. ಬಾಗಿಲು ಬಡಿದ ಸದ್ದಿಗೂ ಬೆಚ್ಚಿಬಿದ್ದು ನಿದ್ದೆಗೆಟ್ಟವರಿಂದ ದೇಹದ ಗಾಯದ ಪುರಾವೆ ಬೇಡುವ ಈ ನಿಯಮವನ್ನು ನಾನು ಅನ್ಯಾಯವೆಂದೇ ಪರಿಗಣಿಸುತ್ತೇನೆ; ಅದನ್ನು ತಿದ್ದಲೇಬೇಕು.