ಒಂದೇ ಪುಟ, ನಾಲ್ಕು ದಾರಿ: ಪ್ರಚಾರ ತಾಣಕ್ಕೆ ಸ್ಕ್ರಿಪ್ಟ್ ಸೇರಿಸಿ ನೋಡಿದ ಮೇಲೆ

ಒಂದು ಸೇವೆಯನ್ನು ಪರಿಚಯಿಸುವ ಪ್ರಚಾರ ಪುಟಕ್ಕೆ ಐದು ಸೌಲಭ್ಯಗಳು ಬೇಕಾಗಿದ್ದವು: ಒತ್ತಿದರೆ ತೆರೆದುಕೊಳ್ಳುವ ಪ್ರಶ್ನೋತ್ತರ, ಗ್ರಾಹಕರ ಅಭಿಪ್ರಾಯಗಳ ಸ್ಲೈಡರ್, ಬಳಕೆದಾರರ ಸಂಖ್ಯೆಗೆ ತಕ್ಕಂತೆ ಶುಲ್ಕ ತೋರಿಸುವ ಕ್ಯಾಲ್ಕುಲೇಟರ್, ವಿಚಾರಣೆಯ ಫಾರ್ಮ್, ಮೂಲೆಯಲ್ಲೊಂದು ಚಾಟ್ ಗುಂಡಿ. ಇಂಥವನ್ನು ಸಾಮಾನ್ಯವಾಗಿ ನಡೆಸುವುದು ಸ್ಕ್ರಿಪ್ಟ್, ಅಂದರೆ ಬ್ರೌಸರ್‌ನೊಳಗೆ ಓಡುವ ಕೋಡ್. ಇದೇ ಪುಟವನ್ನು ನಾಲ್ಕು ಬಗೆಯಲ್ಲಿ ಕಟ್ಟಿದೆ. ಮೊದಲನೆಯದರಲ್ಲಿ ಎಲ್ಲವೂ ಹೊರಗಿನ ಸೇವೆಗಳ ಸಿದ್ಧ ತುಣುಕುಗಳು, ತಾಣದ ಕೋಡ್ ಮುಟ್ಟದೆ ಹೊರಗಿನ ಸ್ಕ್ರಿಪ್ಟ್ ಸೇರಿಸುವ ಸಾಧನವಾದ ಟ್ಯಾಗ್ ಮ್ಯಾನೇಜರ್ ಮೂಲಕ ಅಂಟಿಸಿದವು. ಎರಡನೆಯದರಲ್ಲಿ ಜೆಕ್ವೆರಿ ಎಂಬ ಹಳೆಯ ಜಾವಾಸ್ಕ್ರಿಪ್ಟ್ ಕೋಡ್ ಭಂಡಾರ ಮತ್ತು ಅದನ್ನು ನೆಚ್ಚಿ ನಡೆಯುವ ಪ್ಲಗಿನ್‌ಗಳು. ಮೂರನೆಯದು ಪೂರ್ತಿ ರಿಯಾಕ್ಟ್, ಇಡೀ ಪುಟವನ್ನೇ ಜಾವಾಸ್ಕ್ರಿಪ್ಟ್‌ನಿಂದ ಕಟ್ಟುವ ಸಲಕರಣೆ. ನಾಲ್ಕನೆಯದರಲ್ಲಿ ಬ್ರೌಸರ್ ತಾನೇ ಕೊಡುವ ಟ್ಯಾಗ್‌ಗಳು, ಕೈಯಿಂದ ಬರೆದ ತುಸು ಜಾವಾಸ್ಕ್ರಿಪ್ಟ್, ಒಂದು ಕಡೆ ಮಾತ್ರ ಆಲ್ಪೈನ್ ಎಂಬ ಪುಟ್ಟ ಕೋಡ್ ಭಂಡಾರ.

ನನ್ನ ಲ್ಯಾಪ್‌ಟಾಪಿನಲ್ಲಿ ನಾಲ್ಕೂ ಸಲೀಸಾಗಿ ಓಡಿದವು. ಅಲ್ಲಿಗೇ ನಿಲ್ಲಿಸಿದ್ದರೆ ಈ ಹೋಲಿಕೆಗೆ ಅರ್ಥವೇ ಇರುತ್ತಿರಲಿಲ್ಲ. ಹಳೆಯದೊಂದು ಆಂಡ್ರಾಯ್ಡ್ ಫೋನಿನಲ್ಲಿ ತೆರೆದಾಗ ಒಂದೊಂದರ ನಿಜವಾದ ಭಾರ ತಿಳಿಯಿತು. ಚಿತ್ರವಾದರೆ ಇಳಿದು ಬಂದರೆ ಬಹುಪಾಲು ಕೆಲಸ ಮುಗಿಯಿತು. ಸ್ಕ್ರಿಪ್ಟ್ ಇಳಿದ ಮೇಲೆ ಫೋನು ಅದನ್ನು ಓದಿ, ಅರ್ಥಮಾಡಿಕೊಂಡು, ಓಡಿಸಬೇಕು. ಆ ದುಡಿಮೆ ನಮ್ಮ ಸರ್ವರ್‌ನದಲ್ಲ, ಪುಟ ನೋಡಲು ಬಂದವರ ಫೋನಿನದು. ಅಳತೆಗೆ ಗೂಗಲ್‌ನ ಮೂರು ಮಾನದಂಡಗಳನ್ನು ಹಿಡಿದೆ: ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು, ಪುಟದ ಭಾಗಗಳು ತಾವಾಗಿ ಜಾಗ ಬದಲಿಸುವ ಅಲುಗಾಟದ ಅಂಕ 0.1 ಮೀರಬಾರದು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪರದೆ ಪ್ರತಿಕ್ರಿಯಿಸಬೇಕು. ಐಎನ್‌ಪಿ ಎಂಬ ಈ ಕೊನೆಯ ಅಳತೆ 2024ರ ಮಾರ್ಚ್‌ನಲ್ಲಿ ಎಫ್‌ಐಡಿ ಎಂಬ ಹಳೆಯ ಅಳತೆಯ ಜಾಗಕ್ಕೆ ಬಂದಿತು. ಹಳೆಯದು ಮೊದಲ ಒತ್ತುವಿಕೆಯ ವಿಳಂಬವನ್ನಷ್ಟೇ ನೋಡುತ್ತಿತ್ತು. ಹೊಸದು ಭೇಟಿಯುದ್ದಕ್ಕೂ ನಡೆಯುವ ಒತ್ತುವಿಕೆಗಳನ್ನು ಗಮನಿಸುತ್ತದೆ. ಸ್ಕ್ರಿಪ್ಟ್ ತುಂಬಿದ ಪುಟಕ್ಕೆ ಇದು ಹೆಚ್ಚು ಪ್ರಾಮಾಣಿಕವಾದ ಪರೀಕ್ಷೆ.

ಸಿದ್ಧ ತುಣುಕುಗಳ ಪುಟ ಒಂದೇ ಮಧ್ಯಾಹ್ನದಲ್ಲಿ ಸಿದ್ಧವಾಯಿತು. ಆ ವೇಗದ ಆಕರ್ಷಣೆ ನನಗೂ ಅರ್ಥವಾಗುತ್ತದೆ. ಆದರೆ ಫೋನಿನಲ್ಲಿ ತೀರಾ ಹಿಂದೆ ಬಿದ್ದದ್ದು ಇದೇ. ಪ್ರತಿ ತುಣುಕಿಗೂ ಅಸಿಂಕ್ ಎಂಬ ಗುಣ ಇದ್ದೇ ಇತ್ತು. ಅದರಿಂದ ಇಳಿಯುವಾಗ ಪುಟ ಕಾಯುವುದಿಲ್ಲ, ನಿಜ. ಓಡುವಾಗ ಮಾತ್ರ ಎಲ್ಲವೂ ಬ್ರೌಸರ್ ಒಂದಾದ ಮೇಲೊಂದು ಕೆಲಸ ಮಾಡುವ ಅದೇ ಒಂದು ಮುಖ್ಯ ಥ್ರೆಡ್‌ನಲ್ಲಿ ಸಾಲು ನಿಲ್ಲುತ್ತವೆ. ಮೂಲೆಯ ಒಂದು ಚಾಟ್ ಗುಂಡಿಯೇ ತನ್ನ ಫಾಂಟ್, ತನ್ನ ಶೈಲಿ, ತನ್ನ ಚೌಕಟ್ಟುಗಳನ್ನು ಕರೆತಂದು, ಪುಟದ ಉಳಿದ ಸ್ಕ್ರಿಪ್ಟ್‌ಗಳೆಲ್ಲ ಸೇರಿ ಮಾಡುವುದಕ್ಕಿಂತ ಹೆಚ್ಚು ಹೊತ್ತು ಥ್ರೆಡ್ಡನ್ನು ಹಿಡಿದಿಟ್ಟಿತು. ಆ ಹೊತ್ತಿನಲ್ಲಿ ಪ್ರಶ್ನೆಯೊಂದನ್ನು ಒತ್ತಿದರೆ ಉತ್ತರ ತೆರೆದುಕೊಳ್ಳಲೇ ಇಲ್ಲ. ಮತ್ತೊಮ್ಮೆ ಒತ್ತಿದಾಗ ತೆರೆದು ತಕ್ಷಣ ಮುಚ್ಚಿಕೊಂಡಿತು. ಓದುಗರಿಗೆ ಇದು ಕೆಟ್ಟ ಪುಟವಾಗಿ ಕಾಣುತ್ತದೆ, ಯಾವ ತುಣುಕಿನ ತಪ್ಪೆಂದು ಅವರು ಹುಡುಕಿ ನೋಡುವುದಿಲ್ಲ.

ವೇಗಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಪುಟದೊಳಗೆ ನೇರವಾಗಿ ಬಂದ ಹೊರಗಿನ ಸ್ಕ್ರಿಪ್ಟಿಗೂ ನಮ್ಮ ಸ್ವಂತ ಸ್ಕ್ರಿಪ್ಟಿಗೂ ಬ್ರೌಸರ್ ಕೊಡುವ ಅಧಿಕಾರ ಒಂದೇ. ವಿಚಾರಣೆಯ ಫಾರ್ಮಿನಲ್ಲಿ ಬರೆದ ಹೆಸರು, ಫೋನ್ ಸಂಖ್ಯೆ ಎಲ್ಲವನ್ನೂ ಅದು ಓದಬಲ್ಲದು. 2024ರ ಜೂನ್‌ನಲ್ಲಿ ಹಳೆಯ ಬ್ರೌಸರ್‌ಗಳಿಗೆ ನೆರವಾಗುವ ಕೋಡ್ ಹಂಚುತ್ತಿದ್ದ ಪಾಲಿಫಿಲ್ ಡಾಟ್ ಐಒ ಪ್ರಕರಣ ಹೊರಬಿದ್ದಾಗ ಆದದ್ದು ಇದೇ: ವರ್ಷಗಳಿಂದ ನಂಬಿಕೊಂಡು ಬಂದ ವಿಳಾಸದ ಒಡೆತನ ಕೈಬದಲಾಯಿತು, ಒಂದು ಲಕ್ಷಕ್ಕೂ ಹೆಚ್ಚು ತಾಣಗಳು ಕರೆಯುತ್ತಿದ್ದ ಕೋಡಿನಲ್ಲಿ ಕೇಡು ಸೇರಿತು. ಫೈಲಿನ ಗುರುತನ್ನು ಮೊದಲೇ ಬರೆದಿಟ್ಟು ಹೋಲಿಸಿ ನೋಡುವ ಇಂಟೆಗ್ರಿಟಿ ಗುಣ ಬ್ರೌಸರ್‌ಗಳಲ್ಲಿದೆ. ಆದರೆ ಚಾಟ್ ಸೇವೆಗಳು ತಮ್ಮ ಫೈಲನ್ನು ಮನಬಂದಾಗ ಬದಲಿಸುವುದರಿಂದ ಆ ರಕ್ಷಣೆ ಇಲ್ಲಿ ನೆರವಿಗೆ ಬರುವುದಿಲ್ಲ. ಟ್ಯಾಗ್ ಮ್ಯಾನೇಜರ್‌ನ ಪ್ರವೇಶ ಯಾರ ಕೈಯಲ್ಲಿದೆಯೋ ಅವರ ಕೈಯಲ್ಲಿ ಇಡೀ ತಾಣದ ಬೀಗದ ಕೈ ಇದೆ ಎಂದೇ ತಿಳಿಯಬೇಕು.

ಜೆಕ್ವೆರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 2006ರಲ್ಲಿ ಜಾನ್ ರೆಸಿಗ್ ಅದನ್ನು ಹೊರತಂದಾಗ ಒಂದೊಂದು ಬ್ರೌಸರ್ ಒಂದೊಂದು ಬಗೆಯಾಗಿ ನಡೆದುಕೊಳ್ಳುತ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ಉಪಕಾರ. ಇಂದು ಅದು ಕೊಡುವ ಬಹುಪಾಲು ಅನುಕೂಲ ಬ್ರೌಸರ್‌ನಲ್ಲೇ ಇದೆ, ಸಂಕುಚಿಸಿ ಕಳಿಸಿದರೂ ಅದರ ತೂಕ ಸುಮಾರು 30 ಕಿಲೋಬೈಟ್. ‘ಎಲ್ಲರೂ ಒಂದೇ ಸಿಡಿಎನ್‌ನಿಂದ (ಫೈಲು ಹಂಚುವ ಸರ್ವರ್ ಜಾಲದಿಂದ) ತರುತ್ತಾರೆ, ಓದುಗರ ಬಳಿ ಮೊದಲೇ ಇರುತ್ತದೆ’ ಎಂಬ ಹಳೆಯ ವಾದವೂ ಈಗ ನಿಲ್ಲುವುದಿಲ್ಲ. 2020ರಿಂದ ಕ್ರೋಮ್ ಕೂಡ ಪ್ರತಿ ತಾಣಕ್ಕೂ ಇಳಿಸಿಕೊಂಡ ಫೈಲುಗಳ ಸಂಗ್ರಹವನ್ನು ಬೇರೆಬೇರೆಯಾಗಿ ಇಡುತ್ತಿದೆ. ಪ್ರಯೋಗದಲ್ಲಿ ಸ್ಲೈಡರ್ ಕೆಲವೊಮ್ಮೆ ಓಡುತ್ತಿತ್ತು, ಕೆಲವೊಮ್ಮೆ ಸತ್ತು ಬಿದ್ದಿರುತ್ತಿತ್ತು. ಕಾರಣ, ಜೆಕ್ವೆರಿ, ಪ್ಲಗಿನ್ ಎರಡೂ ಫೈಲಿಗೆ ನಾನು ಅಸಿಂಕ್ ಹಾಕಿದ್ದೆ. ಮೊದಲು ಬಂದದ್ದು ಮೊದಲು ಓಡುತ್ತಿತ್ತು, ಪ್ಲಗಿನ್ ಮೊದಲು ಬಂದರೆ ಜೆಕ್ವೆರಿ ಸಿಗುತ್ತಿರಲಿಲ್ಲ. ಅದರ ಬದಲು ಡಿಫರ್ ಎಂಬ ಗುಣ ಹಾಕಿದ ಮೇಲೆ ಬರೆದ ಕ್ರಮದಲ್ಲೇ ಓಡಿದವು.

ರಿಯಾಕ್ಟ್‌ನಲ್ಲಿ ಕ್ಯಾಲ್ಕುಲೇಟರ್ ಬರೆಯುವುದು ಸಂತೋಷದ ಕೆಲಸ. ಉಳಿದ ನಾಲ್ಕಕ್ಕೆ ಅದು ಅಗತ್ಯಕ್ಕೆ ಮೀರಿದ ಸಲಕರಣೆ. ಸರ್ವರ್‌ನಲ್ಲೇ ಪುಟ ಸಿದ್ಧಪಡಿಸಿ ಕಳಿಸಿದ್ದರಿಂದ ಅದು ಬೇಗ ಕಾಣಿಸಿತು. ಆದರೆ ಸ್ಕ್ರಿಪ್ಟ್ ಬಂದು ಗುಂಡಿಗಳಿಗೆ ಜೀವ ತುಂಬುವ ತನಕ ಒತ್ತಿದ್ದೆಲ್ಲ ವ್ಯರ್ಥವಾಯಿತು. ಕಣ್ಣಿಗೆ ಸಿದ್ಧವಾಗಿ ಕಾಣುವ ಗುಂಡಿ ಕೈಗೆ ಸಿಗದಿರುವುದು, ಪುಟ ತಡವಾಗಿ ಕಾಣುವುದಕ್ಕಿಂತ ಹೆಚ್ಚು ಸಿಟ್ಟು ತರಿಸುತ್ತದೆ.

ಈಗ ನಾಲ್ಕನೆಯದು. ಪ್ರಶ್ನೋತ್ತರಕ್ಕೆ ಡೀಟೇಲ್ಸ್ ಮತ್ತು ಸಮರಿ ಟ್ಯಾಗ್‌ಗಳು ಸಾಕಾದವು. ಒಂದು ಸಾಲು ಸ್ಕ್ರಿಪ್ಟೂ ಬೇಕಾಗಲಿಲ್ಲ. ಒಂದು ತೆರೆದರೆ ಇನ್ನೊಂದು ಮುಚ್ಚಬೇಕೆಂದರೆ ಎಲ್ಲಕ್ಕೂ ಒಂದೇ ನೇಮ್ ಗುಣ ಕೊಟ್ಟರಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಫೈರ್‌ಫಾಕ್ಸ್ 130 ಬಂದ ಮೇಲೆ ಮುಖ್ಯ ಬ್ರೌಸರ್‌ಗಳೆಲ್ಲ ಇದನ್ನು ಬಲ್ಲವು. ಕೀಲಿಮಣೆಯಿಂದಲೂ ತೆರೆಯುತ್ತದೆ, ತೆರೆದಿದೆಯೋ ಮುಚ್ಚಿದೆಯೋ ಎಂದು ಸ್ಕ್ರೀನ್ ರೀಡರ್‌ಗೂ ತಿಳಿಯುತ್ತದೆ. ಕ್ರೋಮ್‌ನಲ್ಲಿ ಪುಟದೊಳಗೆ ಪದ ಹುಡುಕಿದರೆ ಆ ಪದ ಅಡಗಿರುವ ಉತ್ತರ ತಾನಾಗಿ ಬಿಚ್ಚಿಕೊಳ್ಳುತ್ತದೆ. ನಾನು ಕಟ್ಟಿದ ಉಳಿದ ಮೂರು ಪುಟಗಳಲ್ಲಿ ಈ ಗುಣ ಇರಲಿಲ್ಲ.

ಸ್ಲೈಡರ್‌ಗೆ ಪುಟದ ರೂಪವನ್ನು ನಿರ್ಧರಿಸುವ ಸಿಎಸ್‌ಎಸ್ ಭಾಷೆಯ ಸ್ಕ್ರೋಲ್ ಸ್ನ್ಯಾಪ್ ಸಾಕಾಯಿತು. ಬೆರಳಿನಿಂದ ಸರಿಸಿದರೆ ಒಂದೊಂದು ಅಭಿಪ್ರಾಯ ಸರಿಯಾದ ಜಾಗದಲ್ಲಿ ನಿಲ್ಲುತ್ತದೆ; ಹಿಂದೆ ಮುಂದೆ ಹೋಗುವ ಗುಂಡಿಗಳಿಗಷ್ಟೇ ಕೆಲವು ಸಾಲು ಬರೆದೆ. ತಾನಾಗಿ ಸರಿಯುವ ಸ್ಲೈಡರ್ ಬೇಕೆಂಬ ಬೇಡಿಕೆಯನ್ನು ಒಪ್ಪಲಿಲ್ಲ. ಓದುತ್ತಿರುವ ವಾಕ್ಯವನ್ನು ಕಣ್ಣೆದುರಿನಿಂದ ಕಸಿದುಕೊಳ್ಳುವುದು ಓದುಗರಿಗೆ ಮಾಡುವ ಅಗೌರವ.

ಫಾರ್ಮ್‌ನಲ್ಲಿ ಹೆಚ್ಚು ಹೊತ್ತು ಕಳೆದೆ, ಅದು ತಕ್ಕದ್ದೇ. ಪ್ರಚಾರ ಪುಟ ಇರುವುದೇ ಆ ಫಾರ್ಮಿಗಾಗಿ. ಮೊದಲು ಸ್ಕ್ರಿಪ್ಟ್ ಇಲ್ಲದೆಯೇ ಕೆಲಸ ಮಾಡುವಂತೆ ಕಟ್ಟಿ, ಪುಟ ಬದಲಾಗದೆ ಕಳಿಸುವ ಸೌಲಭ್ಯವನ್ನು ಅದರ ಮೇಲೆ ಸೇರಿಸಿದೆ. ಸ್ಕ್ರಿಪ್ಟ್ ಅರ್ಧ ದಾರಿಯಲ್ಲಿ ಕೈಕೊಟ್ಟರೂ ವಿಚಾರಣೆ ಸರ್ವರ್ ತಲುಪುತ್ತದೆ. ಹೊರಗಿನ ಸೇವೆಯ ಫಾರ್ಮ್‌ನಲ್ಲಾದರೆ ಸ್ಕ್ರಿಪ್ಟನ್ನು ತಡೆದಾಗ ಆ ಜಾಗವೇ ಖಾಲಿಯಾಗಿತ್ತು. ತಪ್ಪು ತೋರಿಸುವ ಸಂದೇಶಗಳನ್ನು ಬ್ರೌಸರ್ ತನ್ನ ಭಾಷೆಯಲ್ಲಿ ಹೇಳುತ್ತದೆ, ಪುಟದ ಭಾಷೆಯಲ್ಲಿ ಅಲ್ಲ. ಹಾಗಾಗಿ ಸೆಟ್‌ಕಸ್ಟಮ್‌ವ್ಯಾಲಿಡಿಟಿ ಎಂಬ ಬ್ರೌಸರ್ ಆದೇಶ ಬಳಸಿ ಸ್ವಂತ ಮಾತು ಬರೆದೆ. ಇಲ್ಲೊಂದು ಎಚ್ಚರ ಬೇಕು: ಓದುಗರು ತಿದ್ದಲು ಆರಂಭಿಸಿದ ಕೂಡಲೇ ಆ ಸಂದೇಶವನ್ನು ಖಾಲಿ ಮಾಡದಿದ್ದರೆ, ಎಲ್ಲ ಸರಿಯಿದ್ದರೂ ಫಾರ್ಮ್ ಮುಂದೆ ಹೋಗುವುದಿಲ್ಲ. ಬ್ರೌಸರ್‌ನಲ್ಲಿ ಎಷ್ಟೇ ಪರಿಶೀಲಿಸಿದರೂ ಸರ್ವರ್‌ನಲ್ಲಿ ಮತ್ತೆ ಪರಿಶೀಲಿಸಲೇಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕ್ಯಾಲ್ಕುಲೇಟರ್ ಮಾತ್ರ ಕೈಬರಹಕ್ಕೆ ಒಗ್ಗಲಿಲ್ಲ. ಬಳಕೆದಾರರ ಸಂಖ್ಯೆ, ಯೋಜನೆ, ತಿಂಗಳ ಪಾವತಿಯೋ ವರ್ಷದ್ದೋ ಎಂಬ ಮೂರು ಆಯ್ಕೆಗಳು ಒಂದನ್ನೊಂದು ಬದಲಿಸಲು ತೊಡಗಿದಾಗ ಕೋಡ್ ಸಿಕ್ಕುಸಿಕ್ಕಾಯಿತು. ಅಲ್ಲಿ ಆಲ್ಪೈನ್ ತಂದೆ. ಸುಮಾರು 15 ಕಿಲೋಬೈಟ್ ತೂಕ. ಎಚ್‌ಟಿಎಂಎಲ್ ಒಳಗೇ ಕೆಲವು ಗುಣಗಳನ್ನು ಬರೆದರೆ ಲೆಕ್ಕ ತಾನಾಗಿ ಹೊಂದಿಕೊಳ್ಳುತ್ತದೆ. ಯಾವ ಸ್ಕ್ರಿಪ್ಟ್ ಓಡಬಹುದೆಂದು ಹೇಳುವ ಸಿಎಸ್‌ಪಿ ಎಂಬ ಭದ್ರತಾ ನೀತಿ ಕಟ್ಟುನಿಟ್ಟಾಗಿರುವ ತಾಣದಲ್ಲಿ ಅದರ ಸಾಮಾನ್ಯ ಆವೃತ್ತಿ ನಡೆಯುವುದಿಲ್ಲ, ಸಿಎಸ್‌ಪಿಗೆಂದೇ ಇರುವ ಬೇರೆ ಆವೃತ್ತಿಯನ್ನು ಹಾಕಿಕೊಳ್ಳಬೇಕು.

ಚಾಟ್ ಸೇವೆಯನ್ನು ಸ್ವಂತವಾಗಿ ಕಟ್ಟುವುದು ವಿವೇಕವಲ್ಲ. ಸಾಮಾನ್ಯ ಗುಂಡಿಯೊಂದನ್ನು ಇಟ್ಟು, ಅದನ್ನು ಒತ್ತಿದಾಗ ಮಾತ್ರ ಹೊರಗಿನ ಸ್ಕ್ರಿಪ್ಟ್ ಇಳಿಯುವಂತೆ ಮಾಡಿದೆ. ವೀಡಿಯೊಗಳಿಗೂ ಇದೇ ಉಪಾಯ ಒಪ್ಪುತ್ತದೆ: ಮೊದಲು ಒಂದು ಚಿತ್ರ, ಒತ್ತಿದ ಮೇಲೆ ಪ್ಲೇಯರ್. ಒತ್ತಿದವರು ಕೆಲವು ಕ್ಷಣ ಕಾಯಬೇಕಾಗುತ್ತದೆ. ‘ಸಂಪರ್ಕಿಸಲಾಗುತ್ತಿದೆ’ ಎಂಬ ಸಾಲು ತಕ್ಷಣ ಕಾಣಿಸುವಂತೆ ಮಾಡಿದ ಮೇಲೆ ಆ ಕಾಯುವಿಕೆ ಅಸಹನೀಯವಾಗಲಿಲ್ಲ. ಪುಟ ತೆರೆದ ಕೂಡಲೇ ‘ನಮಸ್ಕಾರ, ಏನು ಸಹಾಯ ಬೇಕು?’ ಎಂದು ತಾನಾಗಿ ಕೇಳುವ ಸೌಲಭ್ಯ ಇದರಿಂದ ತಪ್ಪಿತು. ಪ್ರಚಾರ ವಿಭಾಗದವರಿಗೆ ಅದು ನಿಜವಾದ ನಷ್ಟವೆಂದು ಅನಿಸಿತು, ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಚಾಟ್ ಬೇಡದ ಎಲ್ಲರ ಫೋನೂ ಅದಕ್ಕಾಗಿ ದುಡಿಯುವುದು ನ್ಯಾಯವಲ್ಲ ಎಂಬ ನನ್ನ ನಿಲುವಿಗೆ ಅಂಟಿಕೊಂಡೆ.

ಈಗ ಓಡುತ್ತಿರುವುದು ನಾಲ್ಕನೆಯ ಪುಟ. ಟ್ಯಾಗ್ ಮ್ಯಾನೇಜರ್ ಉಳಿದಿದೆ, ಅದರೊಳಗೆ ಭೇಟಿಗಳ ಲೆಕ್ಕ ಇಡುವ ಒಂದೇ ಟ್ಯಾಗ್ ಇದೆ. ಹೊಸದನ್ನು ಸೇರಿಸುವವರು ತಮ್ಮ ಹೆಸರನ್ನೂ ಅದನ್ನು ತೆಗೆಯಬೇಕಾದ ದಿನಾಂಕವನ್ನೂ ಬರೆಯಬೇಕು, ಆಮೇಲೆ ಆ ಹಳೆಯ ಫೋನಿನಲ್ಲಿ ಫಾರ್ಮನ್ನು ಒಮ್ಮೆ ತುಂಬಿ ಕಳಿಸಿ ನೋಡಬೇಕು.