ಹೊಸ ಟ್ಯಾಬ್ ತೆರೆದಾಗ: ಸೆಲೆನಿಯಂ, ಪ್ಲೇರೈಟ್, ಸೈಪ್ರೆಸ್ ಮೂರನ್ನೂ ಒಂದೇ ಕೆಲಸಕ್ಕೆ ಹಚ್ಚಿ ನೋಡಿದೆ

ಕಳೆದ ವರ್ಷ ಒಂದು ದಿನ ಬೆಳಿಗ್ಗೆ ನಮ್ಮ ಟೆಸ್ಟ್‌ಗಳೆಲ್ಲ (ಸೈಟನ್ನು ತಾವೇ ಒತ್ತಿ ನೋಡಿ ಪರೀಕ್ಷಿಸುವ ಪ್ರೋಗ್ರಾಂಗಳು) ಹಸಿರು, ಅಂದರೆ ಪಾಸ್, ತೋರಿಸುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಬಳಕೆದಾರರಿಂದ ದೂರು ಬಂತು. 'ಬಿಲ್ ನೋಡಿ' ಒತ್ತಿದರೆ ಹೊಸ ಟ್ಯಾಬ್ ತೆರೆಯುತ್ತದೆ, ಆದರೆ ಅಲ್ಲಿ ಬಿಲ್ ಇಲ್ಲ, ಮತ್ತೆ ಲಾಗಿನ್ ಆಗಿ ಅನ್ನುತ್ತದೆ. ಆ ಲಿಂಕಿಗೆ ನಮ್ಮಲ್ಲಿ ಟೆಸ್ಟ್ ಇತ್ತು. ಅದು ಪಾಸ್ ಕೂಡ ಆಗಿತ್ತು. ಯಾಕೆ ಪಾಸ್ ಆಯ್ತು ಅಂತ ಹುಡುಕಿದಾಗ ಗೊತ್ತಾಯಿತು: ನಮ್ಮ ಟೆಸ್ಟ್ ಹೊಸ ಟ್ಯಾಬನ್ನು ಒಮ್ಮೆಯೂ ನೋಡಿರಲಿಲ್ಲ.

ಆಮೇಲೆ ನಾನು ಸುಮ್ನೆ ಕೂರಲಿಲ್ಲ. ಟ್ಯಾಬ್ ಬದಲಾಗುವ ಮೂರು ಕೆಲಸಗಳನ್ನು ಆರಿಸಿಕೊಂಡು, ಬ್ರೌಸರನ್ನು ಕೋಡಿನಿಂದ ನಡೆಸಿ ಟೆಸ್ಟ್ ಮಾಡುವ ಸೆಲೆನಿಯಂ, ಪ್ಲೇರೈಟ್, ಸೈಪ್ರೆಸ್ ಅನ್ನುವ ಮೂರು ಟೂಲ್‌ಗಳಲ್ಲೂ ಬರೆದು ನೋಡಿದೆ. ಒಂದನೆಯದು ಇದೇ ಬಿಲ್: ಆರ್ಡರ್ ಪುಟದಲ್ಲಿ ಲಿಂಕ್ ಒತ್ತಬೇಕು, ಹೊಸ ಟ್ಯಾಬಿನಲ್ಲಿ ಬಿಲ್ ನಂಬರ್ ನೋಡಬೇಕು, ಆ ಟ್ಯಾಬ್ ಮುಚ್ಚಿ ವಾಪಸ್ ಬರಬೇಕು. ಎರಡನೆಯದು ಹಣ ಕಟ್ಟುವುದು: ಓಟಿಪಿ ಕೇಳುವ ಪುಟ ಬೇರೆ ಟ್ಯಾಬಿನಲ್ಲಿ ತೆರೆಯುತ್ತದೆ, ಕೆಲಸ ಮುಗಿದ ಮೇಲೆ ತಾನೇ ಮುಚ್ಚಿಕೊಳ್ಳುತ್ತದೆ, ಹಳೆಯ ಪುಟದಲ್ಲಿ 'ಪಾವತಿ ಆಯಿತು' ಅಂತ ಬರಬೇಕು. ಇದಕ್ಕೆ ಟೆಸ್ಟ್ ಸರ್ವರ್‌ನಲ್ಲಿರುವ ಡಮ್ಮಿ ಬ್ಯಾಂಕ್ ಪುಟ ಬಳಸಿದೆ. ಮೂರನೆಯದರಲ್ಲಿ ಇಬ್ಬರಿದ್ದಾರೆ: ಗ್ರಾಹಕರು ಸಾಮಾನು ವಾಪಸ್ ತಗೊಳ್ಳಿ ಅಂತ ಕೇಳುತ್ತಾರೆ, ಅಂಗಡಿಯವರು ಒಪ್ಪುತ್ತಾರೆ, ಗ್ರಾಹಕರ ಪುಟ ರಿಫ್ರೆಶ್ ಇಲ್ಲದೆ ಬದಲಾಗಬೇಕು.

ಸೆಲೆನಿಯಂನಿಂದ ಶುರು ಮಾಡುತ್ತೇನೆ. ನಮ್ಮಲ್ಲಿ ಜಾಸ್ತಿ ಜನ ಕಲಿತಿರುವುದು ಅದನ್ನೇ. 2004ರಲ್ಲಿ ಹುಟ್ಟಿದ ಟೂಲ್ ಇದು. ಅದರ ಕೆಳಗಿರುವ ವೆಬ್‌ಡ್ರೈವರ್ (ಬ್ರೌಸರಿಗೆ ಕೋಡಿನಿಂದ ಆಜ್ಞೆ ಕೊಡುವ ವಿಧಾನ) 2018ರಲ್ಲಿ ವೆಬ್ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಮಾನದಂಡವೇ ಆಯಿತು. ಇದರಲ್ಲಿ ಒಂದು ಡ್ರೈವರ್ (ಟೆಸ್ಟ್ ಪರವಾಗಿ ಬ್ರೌಸರನ್ನು ನಡೆಸುವ ಭಾಗ) ಒಂದು ಸಲಕ್ಕೆ ಒಂದೇ ಟ್ಯಾಬಿನಲ್ಲಿ ಇರುತ್ತದೆ. ಲಿಂಕ್ ಒತ್ತಿದಾಗ ಹೊಸ ಟ್ಯಾಬ್ ನಿಮ್ಮ ಕಣ್ಣೆದುರು ಬಂದು ನಿಂತಿದ್ದರೂ ಡ್ರೈವರ್ ಹಳೆಯದರಲ್ಲೇ ಇರುತ್ತದೆ. ನೀವು ಹೇಳುವವರೆಗೆ ಅಲ್ಲಿಂದ ಕದಲುವುದಿಲ್ಲ. ಹೊಸಬರು ಮೊದಲು ಎಡವುವುದೇ ಇಲ್ಲಿ. ಪರದೆಯಲ್ಲಿ ಕಾಣುತ್ತಿರುವ ಬಟನ್ ಡ್ರೈವರ್‌ಗೆ ಯಾಕೆ ಸಿಗ್ತಿಲ್ಲ ಅಂತ ಲೊಕೇಟರನ್ನೇ, ಅಂದರೆ ಬಟನ್ ಪುಟದಲ್ಲಿ ಎಲ್ಲಿದೆ ಅಂತ ಹೇಳುವ ಗುರುತನ್ನೇ, ತಿದ್ದುತ್ತಾ ಕೂರುತ್ತಾರೆ. ಲೊಕೇಟರ್ ಸರಿಯಾಗೇ ಇರುತ್ತದೆ.

ದಾರಿ ಗೊತ್ತಿರುವುದೇ. ಪ್ರತಿ ಟ್ಯಾಬಿಗೂ ಒಂದು ಹ್ಯಾಂಡಲ್ ಇರುತ್ತದೆ, ಅಂದರೆ ಅರ್ಥವಿಲ್ಲದ ಒಂದು ಉದ್ದ ಅಕ್ಷರಮಾಲೆ. ಒತ್ತುವ ಮುಂಚೆ ಈಗಿನ ಹ್ಯಾಂಡಲ್ ಬರೆದಿಟ್ಟುಕೊಳ್ಳಿ. ಒತ್ತಿದ ಮೇಲೆ ಎಲ್ಲ ಹ್ಯಾಂಡಲ್‌ಗಳನ್ನೂ ಕೇಳಿ, ಹೊಸದು ಯಾವುದೋ ಅದಕ್ಕೆ 'ಸ್ವಿಚ್ ಟು ವಿಂಡೋ' ಕೊಡಿ (ಸೆಲೆನಿಯಂ ಟ್ಯಾಬನ್ನೂ ವಿಂಡೋ ಅನ್ನುತ್ತದೆ). ಇಲ್ಲಿ ಒಂದು ಅಡ್ಡದಾರಿ ಎಲ್ಲ ಕಡೆ ಓಡಾಡುತ್ತಿದೆ: ಪಟ್ಟಿಯ ಕೊನೆಯದು ಅಥವಾ ಎರಡನೆಯದು ಹೊಸ ಟ್ಯಾಬ್ ಅಂತ ಅಂದುಕೊಂಡು ಅದಕ್ಕೇ ಹೋಗುವುದು. ದಯವಿಟ್ಟು ಹೀಗೆ ಮಾಡಬೇಡಿ. ಹ್ಯಾಂಡಲ್‌ಗಳು ಯಾವ ಕ್ರಮದಲ್ಲಿ ಬರುತ್ತವೆ ಅನ್ನುವುದಕ್ಕೆ ಮಾನದಂಡ ಯಾವ ಭರವಸೆಯನ್ನೂ ಕೊಟ್ಟಿಲ್ಲ. ಎರಡೇ ಟ್ಯಾಬ್ ಇದ್ದಾಗ ಸರಿ ಹೋದದ್ದು ಮೂರಾದಾಗ ಕೈ ಕೊಡಬಹುದು. ಹಳೆಯ ಹ್ಯಾಂಡಲ್‌ಗಳನ್ನು ಕಳೆದು ಉಳಿದದ್ದನ್ನು ತೆಗೆದುಕೊಳ್ಳಿ. ಎರಡು ಸಾಲು ಜಾಸ್ತಿ ಆಗುತ್ತದೆ ಅಷ್ಟೇ.

ಇನ್ನೊಂದು ವಿಷಯ ಹೊತ್ತಿನದು. ಲಿಂಕ್ ಒತ್ತಿದ ಕೂಡಲೇ ಹ್ಯಾಂಡಲ್ ಕೇಳಿದರೆ ಒಂದೇ ಸಿಗಬಹುದು, ಯಾಕೆಂದರೆ ಟ್ಯಾಬ್ ಇನ್ನೂ ತೆರೆದೇ ಇರುವುದಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಒಮ್ಮೆಯೂ ಬೀಳದ, ಅಂದರೆ ಫೇಲ್ ಆಗದ, ಟೆಸ್ಟ್ ರಾತ್ರಿ ಪೈಪ್‌ಲೈನ್‌ನಲ್ಲಿ (ಟೆಸ್ಟ್‌ಗಳು ಬೇರೆ ಮೆಷೀನ್‌ನಲ್ಲಿ ತಾವಾಗೇ ಓಡುವ ವ್ಯವಸ್ಥೆ) ಆಗಾಗ ಬೀಳುತ್ತಿತ್ತು. ಅಲ್ಲಿನ ಮೆಷೀನ್ ನಿಧಾನ, ಕಾರಣ ಅಷ್ಟೇ. ಹಿಂದೆ ಯಾರೋ ಅಲ್ಲಿ ಸುಮ್ನೆ ಮೂರು ಸೆಕೆಂಡ್ ನಿಲ್ಲಿಸುವ ಸ್ಲೀಪ್ ಹಾಕಿ ಮುಚ್ಚಿದ್ದರು. ಅದನ್ನು ಕಿತ್ತು, ವಿಂಡೋ ಸಂಖ್ಯೆ ಎರಡಾಗುವವರೆಗೆ ಕಾಯುವ ವೇಯ್ಟ್ ಹಾಕಿದೆ. ಟ್ಯಾಬಿಗೆ ಹೋದ ಮೇಲೂ ಪುಟ ಖಾಲಿ ಇರಬಹುದು. ಹಾಗಾಗಿ ಅಲ್ಲೂ ಬಿಲ್ ನಂಬರ್ ಕಾಣುವವರೆಗೆ ಕಾಯಬೇಕು. ಆಮೇಲೆ ಆ ಟೆಸ್ಟ್ ತಂಟೆ ಮಾಡಿಲ್ಲ.

ಸೆಲೆನಿಯಂನಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಬೀಳುವ ಟೆಸ್ಟ್ ಅಲ್ಲ, ಸುಳ್ಳಾಗಿ ಪಾಸ್ ಆಗುವ ಟೆಸ್ಟ್. ನಮ್ಮ ಆರ್ಡರ್ ಪುಟದ ಮೇಲ್ಗಡೆ ಆರ್ಡರ್ ನಂಬರ್ ಇದೆ. ಬಿಲ್ ಪುಟದ ಮೇಲ್ಗಡೆಯೂ ಅದೇ ನಂಬರ್, ಅದೇ ಕ್ಲಾಸ್ ಹೆಸರಲ್ಲಿ (ಪುಟದ ಕೋಡಿನಲ್ಲಿ ಆ ಭಾಗಕ್ಕಿಟ್ಟ ಗುರುತು) ಇದೆ. ಬೇಕೆಂದೇ ಸ್ವಿಚ್ ಮಾಡುವ ಸಾಲನ್ನು ಅಳಿಸಿ ಓಡಿಸಿದೆ. ಟೆಸ್ಟ್ ಪಾಸ್! ಡ್ರೈವರ್ ಹಳೆಯ ಟ್ಯಾಬಿನಲ್ಲೇ ನಿಂತು ಅಲ್ಲಿನ ನಂಬರ್ ಓದಿ ಸರಿಯಿದೆ ಅಂದುಬಿಟ್ಟಿತ್ತು. ಅಂದಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಟ್ಯಾಬ್ ಬದಲಿಸಿದ ತಕ್ಷಣ ಮೊದಲು ವಿಳಾಸ ನೋಡುತ್ತೇನೆ, ಮಿಕ್ಕಿದ್ದೆಲ್ಲ ಆಮೇಲೆ.

ಮುಚ್ಚುವಾಗಲೂ ಎಚ್ಚರ ಬೇಕು. 'ಕ್ಲೋಸ್' ಕೊಟ್ಟರೆ ಈಗಿನ ಟ್ಯಾಬ್ ಮಾತ್ರ ಹೋಗುತ್ತದೆ, 'ಕ್ವಿಟ್' ಕೊಟ್ಟರೆ ಇಡೀ ಬ್ರೌಸರ್. ಟ್ಯಾಬ್ ಮುಚ್ಚಿದ ಮೇಲೆ ಡ್ರೈವರ್ ತಾನಾಗಿ ಹಳೆಯದಕ್ಕೆ ವಾಪಸ್ ಬರುವುದಿಲ್ಲ. ಮುಂದಿನ ಸಾಲಿಗೇ ಅಂಥ ವಿಂಡೋ ಇಲ್ಲ ಅನ್ನುವ ಎರರ್ ಬರುತ್ತದೆ. ಓಟಿಪಿ ಪುಟ ತಾನೇ ಮುಚ್ಚಿಕೊಂಡಾಗಲೂ ಇದೇ ಕಥೆ. ವಿಂಡೋ ಸಂಖ್ಯೆ ಒಂದಕ್ಕೆ ಇಳಿಯುವವರೆಗೆ ಕಾದು, ಬರೆದಿಟ್ಟುಕೊಂಡ ಹ್ಯಾಂಡಲ್‌ಗೆ ನಾವೇ ಮರಳಬೇಕು. ಕೆಲವರು ಹೊಸ ಟ್ಯಾಬಿಗಾಗಿ ಇನ್ನೂ ಕಂಟ್ರೋಲ್ ಮತ್ತು ಟಿ ಕೀಲಿ ಕಳಿಸುತ್ತಾರೆ. ಆ ಕೀಲಿ ಹೋಗುವುದು ಪುಟಕ್ಕೆ, ಬ್ರೌಸರಿಗೆ ಅಲ್ಲ. ಕ್ರೋಮ್‌ನಲ್ಲಿ ಅದರಿಂದ ಏನೂ ಆಗುವುದಿಲ್ಲ. 2021ರಲ್ಲಿ ಬಂದ ಸೆಲೆನಿಯಂ 4ರಲ್ಲಿ ಹೊಸ ಟ್ಯಾಬ್ ತೆರೆಯಲೆಂದೇ ಆಜ್ಞೆ ಇದೆ, ಅದನ್ನು ಬಳಸಿ.

ಪ್ಲೇರೈಟ್‌ಗೆ ಬಂದಾಗ ಮೊದಲ ದಿನ ನಾನು ಹುಡುಕಿದ್ದು ಸ್ವಿಚ್ ಮಾಡುವ ಆಜ್ಞೆಯನ್ನೇ. ಅದು ಇಲ್ಲ. ಬೇಕಾಗಿಯೂ ಇಲ್ಲ. ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಈ ಟೂಲ್‌ನಲ್ಲಿ ಪ್ರತಿ ಟ್ಯಾಬೂ ಬೇರೆ ಬೇರೆ ಪೇಜ್. ಆರ್ಡರ್ ಪುಟ ಒಂದು ವೇರಿಯಬಲ್ (ಕೋಡಿನಲ್ಲಿ ಅದಕ್ಕಿಟ್ಟ ಹೆಸರು), ಬಿಲ್ ಪುಟ ಇನ್ನೊಂದು. ಬಿಲ್ ನಂಬರ್ ಬೇಕಾದರೆ ಬಿಲ್ ಪೇಜನ್ನು ಕೇಳಿ, ಆರ್ಡರ್ ಪುಟದಲ್ಲಿ ಏನಾದರೂ ಒತ್ತಬೇಕಾದರೆ ಆರ್ಡರ್ ಪೇಜಿಗೆ ಹೇಳಿ. ನಡುವೆ ಹೋಗಿ ಬರುವ ಕೆಲಸವೇ ಇಲ್ಲ. ಮೇಲೆ ಹೇಳಿದೆನಲ್ಲ, ಸ್ವಿಚ್ ಮರೆತು ಸುಳ್ಳಾಗಿ ಪಾಸ್ ಆಗುವ ಟೆಸ್ಟ್, ಅದು ಇಲ್ಲಿ ಹುಟ್ಟುವುದೇ ಕಷ್ಟ. ಯಾವ ಟ್ಯಾಬನ್ನು ಕೇಳುತ್ತಿದ್ದೇವೆ ಅನ್ನುವುದು ಪ್ರತಿ ಸಾಲಿನಲ್ಲೂ ಬರೆದೇ ಇರುತ್ತದೆ. ಆರು ತಿಂಗಳ ಮೇಲೆ ಬೇರೆಯವರು ಬಂದು ಆ ಟೆಸ್ಟ್ ಓದಿದರೂ ಅರ್ಥವಾಗುತ್ತದೆ. ನನಗೆ ಪ್ಲೇರೈಟ್ ಮನಸ್ಸಿಗೆ ಹಿಡಿಸಿದ್ದು ವೇಗಕ್ಕಿಂತ ಇದಕ್ಕೇ.

ಹೊಸ ಟ್ಯಾಬನ್ನು ಹಿಡಿಯುವುದರಲ್ಲಿ ಮಾತ್ರ ಒಂದು ಸೂಕ್ಷ್ಮ ಇದೆ. ಒತ್ತುವ ಮುಂಚೆಯೇ 'ಪಾಪ್‌ಅಪ್ ಬರುತ್ತೆ, ನೋಡ್ತಿರು' ಅಂತ ಹೇಳಿಡಬೇಕು. ಒತ್ತಿದ ಮೇಲೆ ಹೇಳಿದರೆ ಅಷ್ಟರಲ್ಲಿ ಟ್ಯಾಬ್ ತೆರೆದು ಆಗಿರಬಹುದು. ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುವವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆ ಕಾಯುವ ಸಾಲಿಗೆ ಅಭ್ಯಾಸಬಲದಿಂದ ಮುಂದೊಂದು 'ಅವೇಟ್' (ಇದು ಮುಗಿಯುವವರೆಗೆ ನಿಲ್ಲು ಅನ್ನುವ ಪದ) ಸೇರಿಸಿದರೆ ಟೆಸ್ಟ್ ಅಲ್ಲೇ ನಿಂತುಬಿಡುತ್ತದೆ. ಒತ್ತುವ ಸಾಲಿಗೆ ಅದು ಬರುವುದೇ ಇಲ್ಲ. 30 ಸೆಕೆಂಡ್ ಆದ ಮೇಲೆ ಟೈಮ್‌ಔಟ್. ಮೊದಲು ಅವೇಟ್ ಇಲ್ಲದೆ ಕಾಯಲು ಹೇಳಿ, ಆಮೇಲೆ ಒತ್ತಿ, ಆಮೇಲೆ ಅವೇಟ್ ಮಾಡಿ. ಪೈಥಾನ್ ಮತ್ತು ಜಾವಾದಲ್ಲಿ ಒತ್ತುವ ಸಾಲನ್ನು ಕಾಯುವ ಸಾಲಿನ ಒಳಗೇ ಇಡುವ ಹಾಗೆ ಬರೆಯುತ್ತೇವೆ. ಅಲ್ಲಿ ಈ ತಪ್ಪು ಮಾಡುವುದಕ್ಕೆ ಜಾಗವೇ ಕಡಿಮೆ.

ಮೂರನೆಯ ಕೆಲಸದಲ್ಲಿ ಪ್ಲೇರೈಟ್ ಬಹಳ ಮುಂದಿದೆ. ಒಂದೇ ಬ್ರೌಸರಿನ ಟ್ಯಾಬ್‌ಗಳು ಕುಕೀ (ಸೈಟ್ ಬ್ರೌಸರಿನಲ್ಲಿ ಇಡುವ ಸಣ್ಣ ಮಾಹಿತಿ) ಹಂಚಿಕೊಳ್ಳುತ್ತವೆ, ಅಲ್ವಾ? ಲಾಗಿನ್ ಗುರುತು ಕುಕೀಯಲ್ಲಿ ಇದ್ದಾಗ ಒಂದು ಟ್ಯಾಬಿನಲ್ಲಿ ಗ್ರಾಹಕರಾಗಿ, ಇನ್ನೊಂದರಲ್ಲಿ ಅಂಗಡಿಯವರಾಗಿ ಲಾಗಿನ್ ಆದರೆ ಎರಡನೆಯ ಲಾಗಿನ್ ಮೊದಲನೆಯದನ್ನು ಅಳಿಸುತ್ತದೆ. ಪ್ಲೇರೈಟ್‌ನಲ್ಲಿ ಒಂದೇ ಬ್ರೌಸರಿನೊಳಗೆ ಎರಡು ಕಾಂಟೆಕ್ಸ್ಟ್ ತೆರೆದೆ. ಪ್ರತಿ ಕಾಂಟೆಕ್ಸ್ಟ್‌ಗೂ ಅದರದೇ ಕುಕೀ, ಅದರದೇ ಸ್ಟೋರೇಜ್. ಅಂಗಡಿಯವರ ಪುಟದಲ್ಲಿ 'ಒಪ್ಪಿಗೆ' ಒತ್ತಿ, ಮುಂದಿನ ಸಾಲಿನಲ್ಲೇ ಗ್ರಾಹಕರ ಪುಟ ನೋಡಿದೆ. ಸೆಲೆನಿಯಂನಲ್ಲಿ ಇದಕ್ಕೆ ಎರಡು ಡ್ರೈವರ್, ಅಂದರೆ ಎರಡು ಪೂರ್ತಿ ಬ್ರೌಸರ್ ಎಬ್ಬಿಸಬೇಕಾಯಿತು. ಕೆಲಸ ಆಯಿತು, ಆದರೆ ಭಾರ.

ಒಂದು ಕಡೆ ಪ್ಲೇರೈಟ್ ನನಗೆ ಸಾಲಲಿಲ್ಲ. ಅದು ಎಲ್ಲ ಪೇಜ್‌ಗಳನ್ನೂ ಮುಂದಿರುವ ಟ್ಯಾಬ್ ಹಾಗೆಯೇ ನಡೆಸಿಕೊಳ್ಳುತ್ತದೆ. ಬೇರೆ ಟ್ಯಾಬಿಗೆ ಹೋದಾಗ ವಿಡಿಯೋ ನಿಲ್ಲಬೇಕು ಅಂತ ನಿಮ್ಮ ಸೈಟ್‌ನಲ್ಲಿ ಇದ್ದರೆ, ಸುಮ್ನೆ ಇನ್ನೊಂದು ಪೇಜ್ ತೆರೆದು ಅದನ್ನು ಪರೀಕ್ಷಿಸಲಾಗುವುದಿಲ್ಲ. ಹಳೆಯ ಪುಟಕ್ಕೆ ತಾನು ಹಿಂದೆ ಸರಿದೆ ಅನ್ನುವುದೇ ಗೊತ್ತಾಗುವುದಿಲ್ಲ.

ಇನ್ನು ಸೈಪ್ರೆಸ್. ನಮ್ಮ ಬಿಲ್ ಟೆಸ್ಟ್ ಇದ್ದದ್ದು ಇದರಲ್ಲೇ. ಸೈಪ್ರೆಸ್ ಟೆಸ್ಟ್ ಓಡುವುದು ಬ್ರೌಸರಿನ ಒಳಗೇ, ನಿಮ್ಮ ಪುಟದ ಪಕ್ಕದಲ್ಲೇ. ಅದರಿಂದ ಸಿಗುವ ಅನುಕೂಲ ತುಂಬಾ ಇದೆ: ಪ್ರತಿ ಹೆಜ್ಜೆಯೂ ಕಣ್ಣಿಗೆ ಕಾಣುತ್ತದೆ, ತಪ್ಪು ಹುಡುಕುವುದು ಸುಲಭ. ಹೊಸ ಡೆವಲಪರ್‌ಗಳು ಒಂದೇ ದಿನದಲ್ಲಿ ಕಲಿತರು. ಆದರೆ ಅದೇ ಕಾರಣಕ್ಕೆ ಎರಡನೆಯ ಟ್ಯಾಬನ್ನು ಅದು ನೋಡಲಾರದು. ಇದನ್ನು ಅವರು ಮುಚ್ಚಿಟ್ಟಿಲ್ಲ, ತಮ್ಮ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದ್ದಾರೆ. ಹೊಸ ಟ್ಯಾಬಿನಲ್ಲಿ ತೆರೆ ಅನ್ನುವ 'ಟಾರ್ಗೆಟ್' ಗುಣವನ್ನು ಲಿಂಕಿನಿಂದ ತೆಗೆದುಹಾಕಿ, ಅದೇ ಟ್ಯಾಬಿನಲ್ಲಿ ಪುಟ ತೆರೆಯುವ ಹಾಗೆ ಮಾಡುವುದು ಎಲ್ಲರೂ ಹಿಡಿಯುವ ದಾರಿ. ನಾವೂ ಅದನ್ನೇ ಮಾಡಿದ್ದೆವು.

ಈಗ ಆ ಬಗ್ ಕಥೆ ಪೂರ್ತಿ ಹೇಳುತ್ತೇನೆ. ಆಗ ನಮ್ಮ ಸೈಟ್ ಲಾಗಿನ್ ಟೋಕನ್‌ಅನ್ನು (ಲಾಗಿನ್ ಆಗಿದೆ ಅನ್ನುವ ಗುರುತು) ಬ್ರೌಸರಿನ ಸೆಷನ್ ಸ್ಟೋರೇಜ್‌ನಲ್ಲಿ ಇಡುತ್ತಿತ್ತು. ಸೆಷನ್ ಸ್ಟೋರೇಜ್ ಆಯಾ ಟ್ಯಾಬಿಗೆ ಸೇರಿದ್ದು. ಮೊದಲು 'ಬಿಲ್ ನೋಡಿ' ಒಂದು ಬಟನ್ ಆಗಿತ್ತು, 'ವಿಂಡೋ ಓಪನ್' ಕರೆದು ಟ್ಯಾಬ್ ತೆರೆಯುತ್ತಿತ್ತು. ಹಾಗೆ ತೆರೆದ ಟ್ಯಾಬಿಗೆ ಸೆಷನ್ ಸ್ಟೋರೇಜ್‌ನ ಒಂದು ಪ್ರತಿ ಹೋಗುತ್ತದೆ. ಒಮ್ಮೆ ಪುಟ ಚೊಕ್ಕ ಮಾಡುವಾಗ ಅದನ್ನು 'ಟಾರ್ಗೆಟ್ ಬ್ಲ್ಯಾಂಕ್' ಇರುವ ಮಾಮೂಲಿ ಲಿಂಕ್ ಮಾಡಲಾಯಿತು. 2021ರ ಆರಂಭದಲ್ಲಿ ಬಂದ ಕ್ರೋಮ್ 88ರಿಂದ ಅಂಥ ಲಿಂಕ್‌ಗಳು ತಾವಾಗೇ 'ನೋಓಪನರ್' ಆಗುತ್ತವೆ, ಅಂದರೆ ಹೊಸ ಟ್ಯಾಬಿಗೂ ಅದನ್ನು ತೆರೆದ ಪುಟಕ್ಕೂ ನಂಟು ಇರುವುದಿಲ್ಲ. ಅದರ ಮುಂದಿನ ಕ್ರೋಮ್ 89ರಿಂದ ನೋಓಪನರ್ ಟ್ಯಾಬ್‌ಗಳಿಗೆ ಸೆಷನ್ ಸ್ಟೋರೇಜ್ ಪ್ರತಿ ಹೋಗುವುದಿಲ್ಲ. ಹೊಸ ಟ್ಯಾಬಿಗೆ ಟೋಕನ್ ಇಲ್ಲ, ಹಾಗಾಗಿ ಲಾಗಿನ್ ಪುಟ. ನಮ್ಮ ಟೆಸ್ಟ್ ಟಾರ್ಗೆಟ್ ತೆಗೆದು ಅದೇ ಟ್ಯಾಬಿನಲ್ಲಿ ಹೋಗುತ್ತಿತ್ತು. ಟೋಕನ್ ಅಲ್ಲೇ ಇತ್ತು. ಬಿಲ್ ಬಂತು, ಟೆಸ್ಟ್ ಪಾಸ್.

ಬಗ್ ಇರುವ ಆ ಹಳೆಯ ಬಿಲ್ಡನ್ನೇ (ಸೈಟಿನ ಆವೃತ್ತಿ) ಮತ್ತೆ ಏರಿಸಿ ಮೂರರಲ್ಲೂ ಓಡಿಸಿದೆ. ಸೆಲೆನಿಯಂ ಬಿತ್ತು, ಪ್ಲೇರೈಟ್ ಬಿತ್ತು, ಸೈಪ್ರೆಸ್ ಮತ್ತೆ ಪಾಸ್. ಬಳಕೆದಾರರು ಮಾಡುವುದನ್ನು ಟೆಸ್ಟ್ ಮಾಡುತ್ತಿರಲಿಲ್ಲ, ಅದರ ಪಕ್ಕದ ಇನ್ನೇನನ್ನೋ ಮಾಡುತ್ತಿತ್ತು. ಟೂಲಿನ ಮೇಲೆ ನನಗೆ ಕೋಪವಿಲ್ಲ, ಆ ಅಡ್ಡದಾರಿಯ ಬೆಲೆ ಎಷ್ಟು ಅಂತ ನಾವು ಲೆಕ್ಕ ಹಾಕಿರಲಿಲ್ಲ.

ಓಟಿಪಿ ಕೆಲಸಕ್ಕೆ ಸೈಪ್ರೆಸ್‌ನಲ್ಲಿ 'ವಿಂಡೋ ಓಪನ್' ಅನ್ನು ಸ್ಟಬ್ ಮಾಡಿ (ಅದರ ಜಾಗದಲ್ಲಿ ಟ್ಯಾಬ್ ತೆರೆಯದ ನಕಲಿ ಇಟ್ಟು), ಸರಿಯಾದ ವಿಳಾಸದೊಂದಿಗೆ ಕರೆದರಾ ಅಂತ ನೋಡಿದೆ. ಅಷ್ಟು ಸಾಕು ಅನ್ನುವ ಸಂದರ್ಭ ತುಂಬಾ ಇವೆ. ಎರಡನೆಯ ಟ್ಯಾಬ್ ಬೇರೆಯವರ ಸೈಟ್ ಆಗಿದ್ದರೆ, ಅಲ್ಲಿ ಹೋಗಿ ಪರೀಕ್ಷಿಸುವುದು ನಮ್ಮ ಕೆಲಸವೂ ಅಲ್ಲ. ಆದರೆ ಟ್ಯಾಬ್ ಮುಚ್ಚಿದ ಮೇಲೆ ಹಳೆಯ ಪುಟ ಬದಲಾಗುವುದನ್ನು ನಿಜವಾಗಿ ನೋಡಲು ಆಗಲಿಲ್ಲ. ಪಪೆಟಿಯರ್ ಅನ್ನುವ, ಬ್ರೌಸರ್ ನಡೆಸುವ ಇನ್ನೊಂದು ಟೂಲನ್ನು ಜೋಡಿಸುವ ಸೈಪ್ರೆಸ್‌ನವರದೇ ಪ್ಲಗಿನ್ ಒಂದಿದೆ, ಅದರಿಂದ ಇನ್ನೊಂದು ಟ್ಯಾಬನ್ನು ಮುಟ್ಟಬಹುದು. ಒಂದೆರಡು ಟೆಸ್ಟ್‌ಗೆ ಅದು ಸರಿ. ಇಪ್ಪತ್ತು ಟೆಸ್ಟ್‌ಗೆ ಬೇಕಾದರೆ ಎರಡು ಟೂಲ್ ಸಾಕಿದ ಹಾಗಾಗುತ್ತದೆ.

ನಾವು ಏನು ಮಾಡಿದೆವು? ಸಾವಿರಾರು ಸಾಲಿನ ಹಳೆಯ ಸೆಲೆನಿಯಂ ಟೆಸ್ಟ್‌ಗಳನ್ನು ಹಾಗೇ ಉಳಿಸಿಕೊಂಡೆವು. ಟ್ಯಾಬ್ ಬದಲಿಸುವ ಕೆಲಸಕ್ಕೆ ಒಂದೇ ಹೆಲ್ಪರ್ (ಎಲ್ಲ ಟೆಸ್ಟ್‌ಗಳೂ ಬಳಸುವ ಸಣ್ಣ ಕೋಡ್) ಬರೆದು, ಬೇರೆ ಎಲ್ಲೂ ನೇರವಾಗಿ ಸ್ವಿಚ್ ಮಾಡಬಾರದು ಅಂತ ನಿಯಮ ಮಾಡಿದೆವು. ಎರಡು ಟ್ಯಾಬ್ ಅಥವಾ ಇಬ್ಬರು ಬಳಕೆದಾರರು ಇರುವ ಹೊಸ ಟೆಸ್ಟ್ ಎಲ್ಲ ಪ್ಲೇರೈಟ್‌ಗೆ. ಸೈಪ್ರೆಸ್ ಒಂದೇ ಪುಟದ ಕೆಲಸಗಳಿಗೆ ಈಗಲೂ ಇದೆ, ಡೆವಲಪರ್‌ಗಳು ಅದನ್ನು ಬಿಡಲು ಒಪ್ಪಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಆದರೆ ಟಾರ್ಗೆಟ್ ತೆಗೆಯುವ ಸಾಲು ಎಲ್ಲೆಲ್ಲಿದೆ ಅಂತ ಹುಡುಕಿ ಪಟ್ಟಿ ಮಾಡಿದೆ. ಹನ್ನೊಂದು ಕಡೆ ಸಿಕ್ಕಿತು. ಏಳನ್ನು ಪ್ಲೇರೈಟ್‌ಗೆ ಸಾಗಿಸಿ ಆಗಿದೆ. ಉಳಿದ ನಾಲ್ಕು ಈ ತಿಂಗಳ ಕೆಲಸ.